ಪರದೇಶ ವ್ಯಾಪಾರವೂ ಕೆಲಸಗಾರರ ಕ್ಷೇಮವೂ

ಪರದೇಶ ವ್ಯಾಪಾರದಿಂದ ದೇಶಕ್ಕೆ ಲಾಭವೆಂಬುದು ಅರ್ಥಶಾಸ್ತ್ರದ ಹಳೆಯ ಸಿದ್ಧಾಂತ. ಡೇವಿಡ್ ರಿಕಾರ್ಡೋ ಎಂಬ ಆಂಗ್ಲ ಪಂಡಿತನು 1817ರಲ್ಲಿ ಇದನ್ನು ಬಟ್ಟೆ, ದ್ರಾಕ್ಷಾರಸಗಳ ನಿದರ್ಶನದಿಂದ ವಿಶದಪಡಿಸಿದನು. ಪೋರ್ಚುಗಲ್ ದೇಶವು ಎರಡನ್ನೂ ಇಂಗ್ಲೆಂಡಿಗಿಂತ ಕಡಮೆ ಶ್ರಮದಿಂದ ತಯಾರಿಸಬಲ್ಲುದೆಂದು ಭಾವಿಸಿದರೂ, ಅದು ದ್ರಾಕ್ಷಾರಸವನ್ನು ಮಾತ್ರ ಮಾಡಿ ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸಿಕೊಂಡರೆ ಎರಡು ದೇಶಗಳಿಗೂ ಮೇಲೆಂದು ತೋರಿಸಿದನು. ಈ ವಾದದೊಳಗೆ ಒಂದು ಊಹೆ ಅಡಗಿದೆ: ಪೋರ್ಚುಗಲ್ಲಿನ ನೇಕಾರನು ಮಗ್ಗವನ್ನು ಬಿಟ್ಟು ದ್ರಾಕ್ಷಿಯ ತೋಟಕ್ಕೆ ನಿರಾಯಾಸವಾಗಿ ಹೋಗಬಲ್ಲನೆಂಬುದೇ ಆ ಊಹೆ.

ಅನುಭವವು ಬೇರೆ ಮಾತನ್ನು ಹೇಳುತ್ತದೆ. ಚೀಣಾ ದೇಶವು 2001ನೆಯ ಡಿಸೆಂಬರಿನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. ಅದಕ್ಕೆ ಮೊದಲೇ ಬೆಳೆಯುತ್ತಿದ್ದ ಅದರ ರಫ್ತು ಅನಂತರ ಮತ್ತಷ್ಟು ಹೆಚ್ಚಿತು. ಅಮೆರಿಕಾದ ಗಿರಾಕಿಗಳಿಗೆ ಸಾಮಾನು ಅಗ್ಗವಾಯಿತು. ಆದರೆ ಪೀಠೋಪಕರಣ, ಬಟ್ಟೆಗಳ ಕಾರ್ಖಾನೆಗಳನ್ನೇ ನಂಬಿದ್ದ ಪಟ್ಟಣಗಳು ಸೊರಗಿದವು. ಆಟರ್, ಡಾರ್ನ್, ಹ್ಯಾನ್ಸನ್ ಎಂಬ ಮೂವರು ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, 1990ರಿಂದ 2007ರ ವರೆಗೆ ಆ ದೇಶದ ಕೈಗಾರಿಕೆಗಳಲ್ಲಿ ಕಡಮೆಯಾದ ಉದ್ಯೋಗಗಳಲ್ಲಿ ಸುಮಾರು ಕಾಲು ಭಾಗಕ್ಕೆ ಚೀಣಾದ ಆಮದು ಕಾರಣ. ಕೆಲಸ ಕಳೆದುಕೊಂಡವರು ಅನ್ಯ ಪ್ರಾಂತಗಳಿಗೆ ಗುಳೆ ಹೋಗಲಿಲ್ಲ. ಅನೇಕರು ಊರಿನಲ್ಲೇ ನಿರುದ್ಯೋಗಿಗಳಾಗಿ ಉಳಿದರು.

ಭಾರತದಲ್ಲಿಯೂ 1991ರ ಬಳಿಕ ಆಮದು ಸುಂಕಗಳು ಬಹಳವಾಗಿ ಇಳಿದವು. ಸುಂಕದ ಆಶ್ರಯವನ್ನು ಹೆಚ್ಚಾಗಿ ಕಳೆದುಕೊಂಡ ಗ್ರಾಮಾಂತರ ಜಿಲ್ಲೆಗಳಲ್ಲಿ ಬಡತನವು ಇತರ ಕಡೆ ಇಳಿದಷ್ಟು ವೇಗವಾಗಿ ಇಳಿಯಲಿಲ್ಲವೆಂದು ಪೆಟಿಯಾ ಟೊಪಲೋವಾ ಅವರು 2010ರಲ್ಲಿ ತೋರಿಸಿದರು. ಬಡತನ ಹೆಚ್ಚಿತೆಂದು ಇದರ ಅರ್ಥವಲ್ಲ. ಪ್ರಗತಿಯಲ್ಲಿ ಆ ಜಿಲ್ಲೆಗಳ ಪಾಲು ಕಡಮೆಯಾಯಿತು. ಇಲ್ಲಿಯೂ ಜನರು ಜಿಲ್ಲೆ ಬಿಟ್ಟು ಹೋದದ್ದು ಅತ್ಯಲ್ಪ.

ಕೆಲಸಗಾರನು ಏಕೆ ಕದಲುವುದಿಲ್ಲ? ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ಪಡೆದ ಕೈಚಳಕಕ್ಕೆ ಬೇರೆ ಕಸುಬಿನಲ್ಲಿ ಬೆಲೆಯಿಲ್ಲ. ಕಾರ್ಖಾನೆ ಮುಚ್ಚಿದ ಊರಿನಲ್ಲಿ ಅವನ ಮನೆಯನ್ನು ಕೊಳ್ಳುವವರಿಲ್ಲ. ಕಷ್ಟಕಾಲದಲ್ಲಿ ಕೈಹಿಡಿಯುವ ಬಂಧುಗಳೆಲ್ಲ ಅಲ್ಲಿಯೇ ಇರುವರು. ಇದನ್ನು ಆಲಸ್ಯವೆಂದು ಕರೆಯುವುದು ಅನ್ಯಾಯ.

ಹಾಗೆಂದು ಬಾಗಿಲು ಮುಚ್ಚುವುದು ಪರಿಹಾರವಲ್ಲ. ಮುಚ್ಚಿದರೆ ರಫ್ತಿನ ಕೆಲಸಗಾರನಿಗೆ ಹಾನಿ, ಬಡ ಗಿರಾಕಿಗೆ ಬೆಲೆಯೇರಿಕೆ. ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಭತ್ಯ, ಹೊಸ ಶಿಕ್ಷಣ, ಸ್ಥಳಾಂತರದ ವೆಚ್ಚಗಳನ್ನು ಕೊಡುವ ಏರ್ಪಾಡನ್ನು ಅಮೆರಿಕಾ 1962ರಲ್ಲೇ ಮಾಡಿತ್ತು. 2022ರ ಜುಲೈಯಲ್ಲಿ ಹೊಸಬರಿಗೆ ಅದರ ಬಾಗಿಲು ಮುಚ್ಚಿತು. ವ್ಯಾಪಾರದ ಲಾಭವು ಕೋಟಿ ಜನರಿಗೆ ಚೂರುಚೂರಾಗಿ ಹಂಚಿಹೋಗುವುದು. ನಷ್ಟವಾದರೋ ಕೆಲವೇ ಊರುಗಳ ಮೇಲೆ ಇಡಿಯಾಗಿ ಬೀಳುವುದು. ಅಗ್ಗದ ವಸ್ತುವನ್ನು ಕೊಳ್ಳುವ ನಾವು, ಅದರ ಬೆಲೆಯ ಒಂದಂಶವನ್ನು ಬೇರೊಬ್ಬರು ತೆತ್ತಿರುವರೆಂಬುದನ್ನು ನಮ್ಮ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.