ನಂಜು, ಗುಲಗಂಜಿ ಮತ್ತು ದಾದಿಯರ ಔಷಧಪಾಠ

ನಂಜನಗೂಡಿನ ಹೆಸರಿನಲ್ಲಿಯೇ ನಂಜಿದೆ. ವಿಷವನ್ನು ಕಂಠದಲ್ಲಿ ನಿಲ್ಲಿಸಿಕೊಂಡ ನಂಜುಂಡೇಶ್ವರನನ್ನು ರೋಗಹರನೆಂದು ನಂಬಿದ ಭಕ್ತರು ಇಂದಿಗೂ ಕಪಿಲೆಯಲ್ಲಿ ಮಿಂದು ಉರುಳುಸೇವೆ ಸಲ್ಲಿಸುತ್ತಾರೆ. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದ್ದೂ ಈ ಊರಿನಲ್ಲಿಯೇ. ಅದರ ಹಲ್ಲುಪುಡಿಯನ್ನು ಅರಿಯದ ಮನೆಗಳು ಹಳೆಯ ಮೈಸೂರು ಸೀಮೆಯಲ್ಲಿ ವಿರಳ. ಕಪಿಲೆ ಇಲ್ಲಿಂದ ಹರಿದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಆ ಕ್ಷೇತ್ರ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂಬುದು ಸ್ಥಳಪುರಾಣ. ಸುಮಾರು 120 ಮಿಲಿಗ್ರಾಂ ತೂಗುವ ಈ ಬೀಜವನ್ನೇ ಅಕ್ಕಸಾಲಿಗರೂ ವೈದ್ಯರೂ ತೂಕಕ್ಕೆ ಬಳಸುತ್ತಿದ್ದರು. ಬೀಜವಾದರೋ ವಿಷ, ಅಗಿದು ನುಂಗಿದರೆ ಪ್ರಾಣಾಪಾಯ. ಗುಳಿಗೆಗೆ ನಾವು ಮಾತ್ರೆ ಎನ್ನುತ್ತೇವೆ. ಆ ಶಬ್ದದ ಮೂಲಾರ್ಥವೂ ಅಳತೆಯೇ.

ನರ್ಸಿಂಗ್ ಕಲಿಯಲು ಹೋಗುವ ನಮ್ಮ ಮಕ್ಕಳು ಎರಡನೆಯ ವರ್ಷದಲ್ಲಿ ಓದುವ ಔಷಧಶಾಸ್ತ್ರದ ತಿರುಳೂ ಇದೇ. ಸೂಜಿ ಚುಚ್ಚುವ ಕೈಚಳಕವೇ ದಾದಿಯ ವಿದ್ಯೆಯೆಂದು ಹಿರಿಯರು ಭಾವಿಸುವುದುಂಟು. ಅದು ಕೆಲವು ದಿನಗಳಲ್ಲಿ ಬಂದೀತು. ನುಂಗಿದ ಔಷಧವು ರಕ್ತವನ್ನು ಸೇರುವ ಬಗೆ, ಯಕೃತ್ತು ಅದನ್ನು ಮಾರ್ಪಡಿಸುವ ರೀತಿ, ಮೂತ್ರಪಿಂಡ ಅದನ್ನು ಹೊರಹಾಕುವ ಕ್ರಮ, ಇವುಗಳನ್ನು ಅರಿಯಲು ಕಾಲ ಬೇಕು. ವೃದ್ಧರ ಮೂತ್ರಪಿಂಡದ ಶಕ್ತಿ ಕುಂದಿರುವುದರಿಂದ, ಮಗನಿಗೆ ಹಿತವಾದ ಪ್ರಮಾಣವೇ ತಂದೆಯ ದೇಹದಲ್ಲಿ ಶೇಖರಗೊಂಡು ನಂಜಾಗಬಹುದು.

ಔಷಧ ಕೊಡುವ ಮುನ್ನ ದಾದಿಯು ಐದು ಸಂಗತಿಗಳನ್ನು ನೋಡಬೇಕೆಂಬುದು ಜಗತ್ತಿನಾದ್ಯಂತ ಕಲಿಸುವ ಪಾಠ: ರೋಗಿ ಅವರೇ ಹೌದೇ, ಔಷಧ ಅದೇ ಹೌದೇ, ಪ್ರಮಾಣ, ಕೊಡುವ ಮಾರ್ಗ, ವೇಳೆ. ‘ನೀವು ಶಿವಮ್ಮನವರೇ?’ ಎಂದು ಕೇಳಬಾರದು. ಜ್ವರದ ಮಂಪರಿನಲ್ಲಿ ಯಾರಾದರೂ ಹೂಂ ಎಂದುಬಿಟ್ಟಾರು. ‘ನಿಮ್ಮ ಹೆಸರೇನಮ್ಮ?’ ಎಂದೇ ಕೇಳಬೇಕು. ಶಿವಮ್ಮ, ಮಹದೇವಮ್ಮಂದಿರು ಒಂದೇ ವಾರ್ಡಿನಲ್ಲಿ ಇಬ್ಬರು ಮೂವರಿರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ.

ಪ್ರಮಾಣದ ಲೆಕ್ಕ ನೋಡಿ. ಹತ್ತು ಕಿಲೋ ತೂಕದ ಮಗುವಿಗೆ ಜ್ವರಕ್ಕೆ, ಕಿಲೋಗೆ 15 ಮಿಲಿಗ್ರಾಮಿನಂತೆ, ವೈದ್ಯರು 150 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬರೆದರೆನ್ನಿ. 5 ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಾದರೆ 6 ಮಿಲಿಲೀಟರ್ ಬೇಕು. ಹಸುಗೂಸುಗಳಿಗೆಂದು ಬರುವ ಹನಿಔಷಧದ ಒಂದು ಮಿಲಿಲೀಟರಿನಲ್ಲಿಯೇ 100 ಮಿಲಿಗ್ರಾಂ ಇರುವುದುಂಟು. ಅದರಲ್ಲಿ ಒಂದೂವರೆ ಮಿಲಿಲೀಟರ್ ಸಾಕು. ಸೀಸೆ ಅದಲುಬದಲಾಗಿ ಹನಿಔಷಧವನ್ನು 6 ಮಿಲಿಲೀಟರ್ ಕುಡಿಸಿದರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಔಷಧ! ಆದುದರಿಂದ ಸೀಸೆಯೊಡನೆ ಬರುವ ಅಳತೆಯ ಲೋಟವನ್ನಾಗಲಿ ಕೊಳವೆಯನ್ನಾಗಲಿ ಬಳಸಬೇಕೇ ಹೊರತು ಅಡುಗೆಮನೆಯ ಚಮಚವನ್ನಲ್ಲ.

ಸಕ್ಕರೆ ಕಾಯಿಲೆಯುಳ್ಳ ಮನೆಗಳವರು ಇನ್ನೊಂದನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಸೀಸೆಯ ಇನ್ಸುಲಿನ್ ಬಹುಮಟ್ಟಿಗೆ ಮಿಲಿಲೀಟರಿಗೆ 40 ಯೂನಿಟ್ಟಿನದು. ಪೆನ್ನಿನ ಇನ್ಸುಲಿನ್ ಸಾಮಾನ್ಯವಾಗಿ 100 ಯೂನಿಟ್ಟಿನದು. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಪೆನ್ನಿನ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 20 ಅಲ್ಲ, 50 ಯೂನಿಟ್. ಸಕ್ಕರೆ ಕುಸಿದು ರೋಗಿ ನಿದ್ದೆಯಲ್ಲಿಯೇ ಎಚ್ಚರ ತಪ್ಪಬಹುದು. ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೋಟ್ರೆಕ್ಸೇಟ್ ಮಾತ್ರೆಯನ್ನು ದಿನವೂ ನುಂಗಿ ಪ್ರಾಣ ಕಳೆದುಕೊಂಡವರೂ ಉಂಟು. ಇಂತಹ ಅನಾಹುತಗಳನ್ನು ತಗ್ಗಿಸಲೆಂದೇ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಪ್ರತ್ಯೇಕ ಕಾರ್ಯಕ್ರಮವೊಂದನ್ನು ಆರಂಭಿಸಿತು.

ಈ ವಿದ್ಯೆಯಲ್ಲಿ ಅತಿ ಕಠಿಣವಾದುದು ಲೆಕ್ಕವಲ್ಲ, ಧೈರ್ಯವೆಂದು ನಮಗೆ ತೋರುತ್ತದೆ. ಚೀಟಿಯ ಅಕ್ಷರ ಅಸ್ಪಷ್ಟವಾಗಿದ್ದರೆ, ಪ್ರಮಾಣ ಹೆಚ್ಚೆನಿಸಿದರೆ, ಇಪ್ಪತ್ತರ ಹುಡುಗಿ ಹಿರಿಯ ವೈದ್ಯರನ್ನು ಮತ್ತೊಮ್ಮೆ ಕೇಳಬೇಕು. ಹಿರಿಯರಿಗೆ ಎದುರಾಡಬಾರದೆಂದು ಬೆಳೆಸಿದ ಮನೆಯ ಮಗಳಿಗೆ ಇದು ಸುಲಭವಲ್ಲ. ತಾಯಂದಿರು ಅವಳ ಬೆನ್ನ ಹಿಂದೆ ನಿಲ್ಲಬೇಕು.

ಕೊಟ್ಟ ಔಷಧವನ್ನು ಕೊಟ್ಟ ಮೇಲೆಯೇ, ಒಡನೆಯೇ ದಾಖಲಿಸಬೇಕೆಂಬ ನಿಯಮವೂ ಉಂಟು. ಬರೆಯದಿದ್ದರೆ ಮುಂದಿನ ಪಾಳಿಯವರು ಮತ್ತೊಮ್ಮೆ ಕೊಟ್ಟಾರು. ಕೂಡುಕುಟುಂಬಗಳಲ್ಲಿ ಅತ್ತೆಯವರ ರಕ್ತದೊತ್ತಡದ ಮಾತ್ರೆಯನ್ನು ಬೆಳಿಗ್ಗೆ ಹಿರಿಯ ಸೊಸೆಯೊಮ್ಮೆ, ಕಿರಿಯ ಸೊಸೆಯೊಮ್ಮೆ ಕೊಟ್ಟುಬಿಡುವ ಸಂಭವ ಇಲ್ಲದಿಲ್ಲ. ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ, ಕೊಟ್ಟವರು ಕೊಟ್ಟ ಕೂಡಲೇ ಒಂದು ಗುರುತು ಹಾಕಲಿ.