ಚಿಕ್ಕಪ್ಪ ಕಚ್ಚಿ ನೋಡಿದ ಬ್ರಸೆಲ್ಸ್

ಸೆಂಟ್ರಲ್ ನಿಲ್ದಾಣದ ಮೆಟ್ಟಿಲು ಹತ್ತಿ ಹೊರಗೆ ಬಂದಾಗ ಏಪ್ರಿಲಿನ ಜಿನುಗು ಮಳೆ. ಪುತ್ತೂರಿನ ಹತ್ತಿರದ ಹಳ್ಳಿಯಿಂದ ಬಂದು ನಾಲ್ಕೇ ದಿನವಾಗಿದ್ದ ಚಿಕ್ಕಪ್ಪ ಮಫ್ಲರನ್ನು ಕಿವಿಗೆ ಬಿಗಿದುಕೊಂಡು ಆಕಾಶ ನೋಡಿದರು. "ಇದೆಂತ ಮಳೆ ಮಾರಾಯ್ತಿ, ಬೀಳುವುದೂ ಇಲ್ಲ, ಬಿಡುವುದೂ ಇಲ್ಲ."

ನಮ್ಮ ಮನೆಗೆ ಬಂದವರಿಗೆಲ್ಲ ನಾನು ಅರಮನೆ, ಆಟೋಮಿಯಂ ತೋರಿಸುತ್ತೇನೆ. ಚಿಕ್ಕಪ್ಪನಿಗೆ ಮಾತ್ರ ಮೊದಲು ಚಾಕೊಲೇಟಿನ ಅಂಗಡಿಗಳನ್ನೇ ತೋರಿಸಬೇಕೆಂದು ಅವರು ಟಿಕೆಟು ಮಾಡಿಸಿದ ದಿನವೇ ನಿಶ್ಚಯಿಸಿದ್ದೆ. ನಲವತ್ತು ವರ್ಷಕ್ಕೂ ಮಿಕ್ಕಿ ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊ ಬೆಳೆದವರು ಅವರು. ಕಾಯಿ ಒಡೆದು, ಹಸಿ ಬೀಜ ತೂಗಿ ಕೊಟ್ಟಲ್ಲಿಗೆ ಅವರ ಲೆಕ್ಕ ಮುಗಿಯುತ್ತಿತ್ತು. ಆ ಬೀಜ ಮುಂದೆ ಏನೇನಾಗುತ್ತದೆಂದು ಅವರ ನಾಲಿಗೆಗೂ ಗೊತ್ತಾಗಲಿ ಎಂಬ ಆಸೆ ನನ್ನದು.

ಮೊದಲು ಹೋದದ್ದು ಸಾಂತ್ ಯುಬೇರ್ ಗ್ಯಾಲರಿಗೆ. 1847ರಲ್ಲಿ ತೆರೆದ, ಗಾಜಿನ ಕಮಾನು ಹೊದ್ದ ಉದ್ದನೆಯ ಅಂಗಡಿ ಬೀದಿ. ಮಳೆಯ ಬೂದು ಬೆಳಕು ಗಾಜಿನಿಂದ ಇಳಿದು ಬರುವಾಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಬಾಗಿಲು ತೆರೆದಾಗಲೆಲ್ಲ ಬೆಣ್ಣೆ, ಹುರಿದ ಹೇಜಲ್ ಬೀಜ, ಕೊಕ್ಕೊ ಸೇರಿದ ಬೆಚ್ಚನೆಯ ವಾಸನೆ. ಇಲ್ಲೇ ಇದೆ ನೊಯ್‌ಹೌಸ್ ಅಂಗಡಿ. ಸ್ವಿಟ್ಜರ್ಲೆಂಡ್ ಮೂಲದ ಜಾನ್ ನೊಯ್‌ಹೌಸ್ 1857ರಲ್ಲಿ ತೆರೆದದ್ದು ಔಷಧದ ಅಂಗಡಿ. ಮದ್ದಿನ ಕಹಿ ಮರೆಸಲು ಅದಕ್ಕೆ ಚಾಕೊಲೇಟು ಹೊದಿಸಿ ಕೊಡುತ್ತಿದ್ದನಂತೆ. "ನಿನ್ನ ಅಜ್ಜಿ ಬೆಲ್ಲದೊಳಗೆ ಗುಳಿಗೆ ಹುಗಿದು ಕೊಡುತ್ತಿದ್ದರಲ್ಲ, ಹಾಗೆ" ಎಂದರು ಚಿಕ್ಕಪ್ಪ. ಅವನ ಮೊಮ್ಮಗ 1912ರಲ್ಲಿ ಮದ್ದಿನ ಜಾಗಕ್ಕೆ ರುಚಿಯಾದ ಹೂರಣ ತುಂಬಿದ. ಅದೇ ಬೆಲ್ಜಿಯಂನ ಪ್ರಲೀನ್. ಕಾಗದದ ಪೊಟ್ಟಣದಲ್ಲಿ ಅವು ಜಜ್ಜಿಹೋಗುತ್ತವೆಂದು ಅವನ ಹೆಂಡತಿ ಲೂಯಿಸ್ ಅಗೊಸ್ಟಿನಿ 1915ರಲ್ಲಿ ರಟ್ಟಿನ ಪುಟ್ಟ ಪೆಟ್ಟಿಗೆ ರೂಪಿಸಿದಳು. ಇಂದಿಗೂ ಊರಿನ ಅಂಗಡಿಗಳಲ್ಲಿ ಅಂಥದೇ ಪೆಟ್ಟಿಗೆ.

ಕೈಗವಸು ತೊಟ್ಟ ಹುಡುಗಿ ಒಂದೊಂದನ್ನೇ ಎತ್ತಿ, ಮೊಟ್ಟೆ ಜೋಡಿಸುವಷ್ಟು ಜೋಪಾನವಾಗಿ ಪೆಟ್ಟಿಗೆಯಲ್ಲಿಟ್ಟಳು. ಯಾವುದರಲ್ಲಿ ಮದ್ಯ ಇದೆ, ಯಾವುದರಲ್ಲಿ ಇಲ್ಲ ಎಂದು ಕೇಳಿ ಕೇಳಿ ಆರಿಸಿದೆ. ಕಾಲು ಕಿಲೋ ತುಂಬಿತು. ಬಾಯಲ್ಲಿಟ್ಟೊಡನೆ ಅಗಿಯಬೇಡಿ ಎಂದೆ. ಕೊಕ್ಕೊ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಯಲ್ಲಿ, ನಮ್ಮ ಮೈಬಿಸಿಗಿಂತ ತುಸು ಕೆಳಗೆ. ನಾಲಿಗೆಯ ಮೇಲೆ ಸುಮ್ಮನೆ ಇಟ್ಟರೆ ಸಾಕು, ಅದಾಗಿಯೇ ಬಿಚ್ಚಿಕೊಳ್ಳುತ್ತದೆ. ಚಿಕ್ಕಪ್ಪ ಕಣ್ಣು ಮುಚ್ಚಿ ನಿಂತರು. ಬಹಳ ಹೊತ್ತಿನ ಮೇಲೆ, "ಬಹಳ ನಯ ಉಂಟು. ಆದರೆ ಇದರಲ್ಲಿ ಹೂರಣ ಮಾತನಾಡುತ್ತದೆ, ಕೊಕ್ಕೊ ಸುಮ್ಮನೆ ಕೂತಿದೆ" ಎಂದರು. ಹತ್ತಾರು ಸಲ ಅದನ್ನು ತಿಂದ ನನಗೆ ಹೊಳೆಯದ ಮಾತು.

ಗ್ರಾಂ ಪ್ಲಾಸ್ ಚೌಕದಲ್ಲಿ ಹೆಚ್ಚು ನಿಲ್ಲಲಿಲ್ಲ. 1695ರ ಫ್ರೆಂಚ್ ಫಿರಂಗಿ ದಾಳಿಯಲ್ಲಿ ಸುಟ್ಟುಹೋದ ಮೇಲೆ ಕಸುಬುದಾರರ ಸಂಘಗಳು ಮತ್ತೆ ಕಟ್ಟಿಸಿಕೊಂಡ ಮನೆಗಳ ಚಿನ್ನದ ಗೆರೆಗಳು ಮಳೆಯಲ್ಲಿ ಮಂಕಾಗಿದ್ದವು. ಪಕ್ಕದ ಬೀದಿಯ ಗಾಜಿನ ಕಪಾಟೊಂದರ ಮುಂದೆ ಚಿಕ್ಕಪ್ಪ ತಾವಾಗಿಯೇ ನಿಂತುಬಿಟ್ಟರು. ಒಳಗೆ ರೇಷ್ಮೆ ಬಟ್ಟೆಯ ಮೇಲೆ ಒಂದು ಕೊಕ್ಕೊ ಕಾಯಿ; ಕಂದಾಗಿ, ಸುಕ್ಕಾಗಿ, ಕಲ್ಲಿನಂತೆ ಒಣಗಿದ್ದು. "ಅಳಿಲು ತೂತು ಮಾಡಿ ಬಿಟ್ಟದ್ದು ಗಿಡದಲ್ಲೇ ಒಣಗಿದರೆ ಹೀಗೆ ಆಗ್ತದೆ" ಎಂದು ಗಾಜಿಗೆ ಬೆರಳು ತಾಗಿಸಿದರು. ಅಲ್ಲೇ ನಿಂತಿದ್ದ ಪುಟ್ಟ ಹುಡುಗಿಯೊಬ್ಬಳಿಗೆ ಕೈಸನ್ನೆಯಲ್ಲೇ ಕಾಯಿ ಒಡೆಯುವ ಬಗೆ ತೋರಿಸಿದರು: ಕತ್ತಿ ಹಾಕಬಾರದು, ಬೀಜಕ್ಕೆ ಗಾಯವಾಗುತ್ತದೆ, ಕಲ್ಲಿಗೆ ಕುಟ್ಟಬೇಕು. ಆಮೇಲೆ ಬೀಜಕ್ಕೆ ಅಂಟಿದ ಬಿಳಿ ತಿರುಳನ್ನು ಚೀಪುವ ಸದ್ದನ್ನೂ ಮಾಡಿದರು. ಹುಡುಗಿ ನಕ್ಕಳು. ನನಗೆ ಬೇಸಗೆ ರಜೆಯ ತೋಟ, ಕೈಗೆಲ್ಲ ಅಂಟಂಟು, ಹುಳಿ ಬೆರೆತ ಆ ಸಿಹಿ ಒಟ್ಟಿಗೇ ನೆನಪಾದವು.

ಸಾಬ್ಲೋಂ ಕಡೆಗೆ ಏರುದಾರಿ. ಮೆಲ್ಲಗೆ ಹತ್ತುತ್ತ ಚಿಕ್ಕಪ್ಪ ನಾನು ಹುಟ್ಟುವ ಮುಂಚಿನ ಕಥೆ ತೆಗೆದರು. ಎಪ್ಪತ್ತರ ದಶಕದಲ್ಲಿ ಅಡಿಕೆಯ ನಡುವೆ ಕೊಕ್ಕೊ ನೆಡಿ, ಎಷ್ಟು ಬೆಳೆದರೂ ಕೊಳ್ಳುತ್ತೇವೆ ಎಂದಿದ್ದರು. ಗಿಡ ಫಲಕ್ಕೆ ಬಂದು ಕೈತುಂಬ ಬೆಳೆಯುವ ಹೊತ್ತಿಗೆ ಬೆಲೆ ಕುಸಿಯಿತು, ಕೊಳ್ಳುವವರು ಹಿಂದೆ ಸರಿದರು. "ಅಪ್ಪ ಅರ್ಧ ಗಿಡ ಕಡಿಸಿದರು. ಕಡಿಯುವ ದಿನ ಮನೆಯಲ್ಲಿ ಯಾರೂ ಸರಿ ಉಣ್ಣಲಿಲ್ಲ." ಉಳಿದರ್ಧದ ಬೀಜವನ್ನು ಕೊಳ್ಳುವವರಿಲ್ಲದೆ, ಬಾಳೆ ಎಲೆ ಹಾಸಿದ ಹೆಡಿಗೆಯಲ್ಲಿ ಹುಳಿ ಬರಿಸಿ, ಅಂಗಳದಲ್ಲಿ ಅಡಿಕೆಯ ಜೊತೆ ಒಣಗಿಸಿ ಅಟ್ಟಕ್ಕೆ ಹಾಕಿದವರು ಇಪ್ಪತ್ತರ ಪ್ರಾಯದ ಚಿಕ್ಕಪ್ಪ.

ವಾರಣಾಶಿ ಸುಬ್ರಾಯ ಭಟ್ಟರು 1973ರಲ್ಲಿ ಬೆಳೆಗಾರರನ್ನು ಸೇರಿಸಿ ಕಟ್ಟಿದ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೆ ಇಳಿಯಿತು. ಬೀಜ ಕೊಂಡದ್ದಷ್ಟೇ ಅಲ್ಲ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನೇ ಹಾಕಿತು. ರೈತರ ಸಹಕಾರ ಸಂಘವೊಂದು ಹಾಗೆ ಬೀಜದಿಂದ ಬಾರ್‌ವರೆಗೆ ಹೋದದ್ದು ನನಗೆ ಬ್ರಸೆಲ್ಸಿನ ಅಂಗಡಿಗಳ ಯಾವ ರಾಜಮುದ್ರೆಗಿಂತಲೂ ದೊಡ್ಡದಾಗಿ ಕಾಣುತ್ತದೆ. ಬೆಲ್ಜಿಯಂನ ಮಣ್ಣಿನಲ್ಲಿ ಕೊಕ್ಕೊ ಬೆಳೆಯುವುದಿಲ್ಲ. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾದ್ದು. ಇಲ್ಲಿಗೆ ಬೇಕಾದದ್ದು ಹಡಗಿನಲ್ಲಿ ಆಂಟ್‌ವರ್ಪ್ ಬಂದರಿಗೆ ಬಂದು ಇಳಿಯುತ್ತದೆ. 2024ರಲ್ಲಿ ಆ ಎರಡು ದೇಶಗಳಲ್ಲಿ ಬೆಳೆ ಕೆಟ್ಟು, ಜಾಗತಿಕ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ಚಿಕ್ಕಪ್ಪನ ಹಸಿ ಬೀಜಕ್ಕೂ ಅವರು ಕಂಡು ಕೇಳರಿಯದ ಬೆಲೆ ಬಂದಿತ್ತು. "ಆಫ್ರಿಕಾದವನ ಗಿಡಕ್ಕೆ ರೋಗ ಬಂದರೆ ನನಗೆ ಲಾಭ. ಅದನ್ನು ನೆನೆದರೆ ಸಮಾಧಾನ ಇರುವುದಿಲ್ಲ" ಎಂದರು, ದಾರಿಯ ನಡುವೆ ನಿಂತು.

ಸಾಬ್ಲೋಂ ಚೌಕದ ಸುತ್ತ ಹೆಸರಾಂತ ಅಂಗಡಿಗಳು: 1910ರ ವಿಟಾಮರ್, ಪಿಯೇರ್ ಮಾರ್ಕೋಲಿನಿ. ಒಡವೆಯ ಅಂಗಡಿಗಳಂತೆ ಸಾಲು ದೀಪ. ನಾವು ಹೊಕ್ಕದ್ದು ಅಲ್ಲೇ ಅಡ್ಡಬೀದಿಯ ಸಣ್ಣದೊಂದು ಅಂಗಡಿ. ಬೀಜ ತರಿಸಿ, ತಾವೇ ಹುರಿದು, ತಾವೇ ಅರೆಯುವವರದು. ಬಾಗಿಲಲ್ಲೇ ಗೋಣಿಚೀಲದಲ್ಲಿ ಒಣ ಬೀಜ. ಕಪ್ಪು ಕೂದಲಿನ ಒಡತಿ ಮಡಗಾಸ್ಕರಿನ ಬೀಜದ ಚಾಕೊಲೇಟನ್ನು ಮುರಿದು ಕೊಟ್ಟಳು. ಚಟ್ ಎಂದು ಸದ್ದಾಯಿತು. ಇದರಲ್ಲಿ ಹಾಲಿಲ್ಲ, ಹೂರಣವಿಲ್ಲ. ಬೀಜ ಮತ್ತು ಸಕ್ಕರೆ, ಅಷ್ಟೇ.

ಚಿಕ್ಕಪ್ಪನ ಹುಬ್ಬು ಏರಿತು. "ಪುನರ್ಪುಳಿ!" ಎಂದರು ದೊಡ್ಡ ದನಿಯಲ್ಲಿ. ನಾನೂ ಬಾಯಲ್ಲಿಟ್ಟೆ. ಹೌದು, ಮೊದಲು ಕಹಿ, ಅದು ಕರಗಿದ ಮೇಲೆ ಗಂಟಲ ಹತ್ತಿರ ತೆಳ್ಳಗೆ ಒಂದು ಕೆಂಪು ಹುಳಿ.

ಅವರು ಗೋಣಿಯ ಕಡೆ ನೋಡಿ, ತೆಗೆದುಕೊಳ್ಳಲೇ ಎಂದು ಕಣ್ಣಲ್ಲೇ ಕೇಳಿದರು. ಒಡತಿ ತಲೆಯಾಡಿಸಿದಳು. ಒಂದು ಬೀಜ ಆರಿಸಿ, ಹಲ್ಲಿನಿಂದ ಉದ್ದಕ್ಕೆ ಸೀಳಿ ಬೆಳಕಿಗೆ ಹಿಡಿದರು. "ನೋಡು, ಒಳಗೆಲ್ಲ ಕಂದು, ಬಿರುಕು ಬಿರುಕು. ಸರಿಯಾಗಿ ಹುಳಿ ಬಂದದ್ದು. ಬಾರದಿದ್ದರೆ ನೇರಳೆ ಬಣ್ಣ, ಗಟ್ಟಿ. ಐದಾರು ದಿನ ಇಟ್ಟಿದ್ದಾರೆ, ನಡುವೆ ಮಗುಚಿದ್ದಾರೆ." ನಾನು ಫ್ರೆಂಚಿನಲ್ಲಿ ಹೇಳಿದೆ. ಆಕೆ ಕೌಂಟರು ಬಿಟ್ಟು ಈಚೆ ಬಂದು, ಇನ್ನೊಂದು ಚೀಲದ ಬೀಜ ತಂದು ಅವರ ಅಂಗೈಯಲ್ಲಿಟ್ಟಳು. ಇದು ಹೇಗಿದೆ ಹೇಳಿ ಎಂದಳು. ಅರ್ಧ ಗಂಟೆ ಇಬ್ಬರೂ ಬೀಜ ಸೀಳುತ್ತ ನಿಂತರು. ಕೊನೆಕೊನೆಗೆ ನನ್ನ ಅನುವಾದ ಬೇಕಾಗಲಿಲ್ಲ.

ಹೊರಬಂದಾಗ ಮಳೆ ಬಿಟ್ಟಿತ್ತು. ಎದುರಿನ ಪುಟ್ಟ ಸಾಬ್ಲೋಂ ಉದ್ಯಾನದ ಬೇಲಿಯ ಕಂಬಗಳ ಮೇಲೆ ಹಳೆಯ ಕಸುಬುಗಳ 48 ಕಂಚಿನ ಗೊಂಬೆಗಳಿವೆ. ಅವರವರ ಕೈಯಲ್ಲಿ ಅವರವರ ಕಸುಬಿನ ಗುರುತು. ಚಿಕ್ಕಪ್ಪ ಒಂದನ್ನೂ ಬಿಡದೆ ನೋಡಿ ಬಂದು ಬೆಂಚಿನ ಮೇಲೆ ಕುಳಿತು ಫೋನು ತೆಗೆದರು. ಊರಲ್ಲಿ ಆಗ ರಾತ್ರಿ ಎಂಟೂವರೆ.

"ಏ, ಊಟ ಆಯ್ತಾ? ನಾಳೆ ಕೊಕ್ಕೊ ಕೊಯ್ಯಲಿಕ್ಕುಂಟಲ್ಲ, ಎಲ್ಲ ಬೀಜ ಹಸಿ ಕೊಡಬೇಡ. ದೊಡ್ಡ ಹೆಡಿಗೆಯಲ್ಲಿ ಒಂದು ತುಂಬ ತೆಗೆದಿಡು. ಅಡಿಗೆ ಬಾಳೆ ಎಲೆ ಹಾಸು, ಮೇಲೆಯೂ ಮುಚ್ಚು. ಕಮ್ಮಿ ಬೀಜಕ್ಕೆ ಬಿಸಿ ಏರುವುದಿಲ್ಲ, ಎರಡು ಗೋಣಿ ಹೊದೆಸು… ಹೌದು, ಹೌದು, ಮಗನ ಹತ್ತಿರ ಹೇಳು, ನಾಡಿದ್ದು ಮಗುಚಬೇಕು."