ಲೆಕ್ಕದ ಮೇಜೂ ದುಡಿಯುವ ಕೈಯೂ

ಹತ್ತಾರು ಜನರು ಕೂಡಿ ನಡಿಸುವ ಉದ್ಯೋಗದಲ್ಲಿ ಯಾರು ಯಾವ ಕೆಲಸ ಹಿಡಿದಿರುವರು, ಅದು ಎಲ್ಲಿಯ ವರೆಗೆ ಬಂದಿದೆ, ಯಾರಿಗೆ ಏನು ಸಲ್ಲಬೇಕು ಎಂಬುದನ್ನು ಎಲ್ಲರಿಗೂ ಏಕಕಾಲಕ್ಕೆ ತಿಳಿಸುವ ತಂತ್ರಾಂಶಗಳು ಈಗ ಜಗತ್ತಿನಲ್ಲೆಲ್ಲ ಬಳಕೆಗೆ ಬಂದಿವೆ. ಸ್ಲ್ಯಾಕ್ ಎಂಬುದು 2014ರಲ್ಲಿಯೂ ಮೈಕ್ರೊಸಾಫ್ಟ್ ಟೀಮ್ಸ್ ಎಂಬುದು 2017ರಲ್ಲಿಯೂ ಹೊರಬಂದವು. 2020ರ ಮಹಾಮಾರಿಯಲ್ಲಿ ಕಚೇರಿಗಳ ಬಾಗಿಲು ಮುಚ್ಚಿದಾಗ ಇಂಥ ಸಾಧನಗಳಿಂದಲೇ ಅನೇಕ ಉದ್ಯೋಗಗಳು ಉಸಿರು ಹಿಡಿದು ಉಳಿದವು. ಆದರೆ ಇವುಗಳನ್ನು ಮೊದಲು ಕಲ್ಪಿಸಿದ್ದು ಮೇಜಿನ ಮುಂದೆ ದೊಡ್ಡ ಪರದೆ ಇಟ್ಟುಕೊಂಡು ಕುಳಿತವರಿಗಾಗಿ. ನಮ್ಮ ಬಾಗಲಕೋಟೆ ಜಿಲ್ಹೆಯ ದುಡಿಯುವ ಜನರಲ್ಲಿ ಬಹುತೇಕರಿಗೆ ಅಂಥ ಮೇಜು ಇಲ್ಲ. ಇರುವದು ಅಂಗೈಯೊಳಗಿನ ಮೊಬೈಲೊಂದೇ. ಈ ಸಾಧನಗಳನ್ನು ಅದಕ್ಕೊಪ್ಪುವಂತೆ ಮಾಡುವದರಲ್ಲಿ ನ್ಯಾಯದ ಪ್ರಶ್ನೆಯೊಂದು ಅಡಗಿದೆಯೆಂದು ನಾವು ತಿಳಿಯುತ್ತೇವೆ.

ಇಲಕಲ್ಲ ಸೀರೆಯನ್ನೇ ನೋಡೋಣ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಎಳೆಗೆ ಎಳೆ ಕೂಡಿಸಿ ಒಂದೊಂದು ಸೀರೆಗೂ ಪ್ರತ್ಯೇಕವಾಗಿ ಹಾಸು ಸಿದ್ಧಗೊಳಿಸಬೇಕು. ದಡಿಯು ಗೋಮಿಯೋ ಗಾಡಿಯೋ ಎಂಬುದು, ಒಡಲಿನ ಬಣ್ಣ ಯಾವುದೆಂಬುದು ಮೊದಲೇ ನಿರ್ಧಾರವಾಗಬೇಕು. ಹಾಸು ಮುಗಿದ ಮೇಲೆ ತಪ್ಪು ತಿಳಿದರೆ ಮನೆಯ ಹೆಣ್ಣುಮಕ್ಕಳು ಪಟ್ಟ ಶ್ರಮವೆಲ್ಲ ವ್ಯರ್ಥ. ನೂಲು ಕೊಡುವ ಸಾವಕಾರನು ಪೇಟೆಯಲ್ಲಿ, ನೇಯುವವನು ತನ್ನ ಮನೆಯ ಮಗ್ಗದ ಕುಣಿಯಲ್ಲಿ, ಕೊಳ್ಳುವ ವ್ಯಾಪಾರಿ ದೂರದ ಪಟ್ಟಣದಲ್ಲಿ. ಇವರನ್ನು ಕೂಡಿಸುವ ಮಾತೇ ಈ ಉದ್ಯೋಗದ ನಿಜವಾದ ಕೊಂಡಿ.

2016ರ ಸೆಪ್ಟೆಂಬರದಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಅಂತರ್ಜಾಲದ ದರ ಇಳಿದು, ಆ ಮಾತು ವಾಟ್ಸಾಪಿಗೆ ಬಂದಿತು. ವ್ಯಾಪಾರಸ್ಥರಿಗೆಂದೇ ಅದರ ಬೇರೊಂದು ರೂಪವು 2018ರಲ್ಲಿ ಬಂದಿತು. ಅದರಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಅಲ್ಲಿ ಬಂದ ಬೇಡಿಕೆಯು ಹಬ್ಬದ ಶುಭಾಶಯಗಳ ನಡುವೆ ಕಳೆದುಹೋಗುವದು. ಕಳಿಸಿದವನು ಮನಸ್ಸು ಬದಲಿಸಿದರೆ ಎರಡು ದಿವಸಗಳ ತನಕ ಅದನ್ನು ಎಲ್ಲರ ಮೊಬೈಲಿನಿಂದಲೂ ಅಳಿಸಬಹುದು. ಅಳಿಸಿದ ಗುರುತು ಉಳಿದೀತು, ಆಡಿದ ಮಾತು ಉಳಿಯದು. ನೂಲೆಷ್ಟು ಕೊಟ್ಟದ್ದು, ಮುಂಗಡವೆಷ್ಟು, ಮಜೂರಿಯೆಷ್ಟು ಎಂಬ ಲೆಕ್ಕವಾದರೋ ಸಾವಕಾರನ ವಹಿಯಲ್ಲಿ ಇಲ್ಲವೆ ಅವನ ಕಂಪ್ಯೂಟರದಲ್ಲಿ ಇರುವದು. ತಕರಾರು ಬಂದಾಗ ತೋರಿಸಲು ನೇಕಾರನ ಬಳಿ ಏನಿದೆ?

ಈ ಕೊರತೆ ಮಗ್ಗಕ್ಕೆ ಮಾತ್ರ ಸೇರಿದ್ದಲ್ಲ. ಇಲಕಲ್ಲ-ಹುನಗುಂದ ಸೀಮೆಯ ಕೆಂಪು ಗ್ರಾನೈಟಿನ ಗಣಿಯಲ್ಲಿ ಕಲ್ಲಿನ ಅಳತೆ ಬರೆಯುವವನು ಸುಡು ಬಿಸಿಲಲ್ಲಿ ನಿಂತಿರುವನು. ನಸುಬಣ್ಣದ ಸಣ್ಣ ಅಕ್ಷರ ಅವನಿಗೆ ಕಾಣದು. ಬಾದಾಮಿಯ ಗುಡ್ಡಗಳ ಸಂದಿಯಲ್ಲಿ ಪ್ರವಾಸಿಗರೊಡನೆ ತಿರುಗುವ ಮಾರ್ಗದರ್ಶಿಗೆ ಸಂಪರ್ಕ ತಪ್ಪಿದರೆ ತಂತ್ರಾಂಶವು ಬರಿಯ ಚಕ್ರ ತಿರುಗಿಸುತ್ತ ನಿಲ್ಲುವದು. ಇನ್ನು ಕಚೇರಿಗಳಲ್ಲಿ ಹಳೆಯ ಅಕ್ಷರಮಾದರಿಯಲ್ಲಿ ಅಚ್ಚಿಸಿದ ಕನ್ನಡ ಪತ್ರವು ಮೊಬೈಲಿಗೆ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುವದನ್ನು ನಮ್ಮ ಅಧಿಕಾರಿವರ್ಗದ ವಾಚಕರು ಬಲ್ಲರು. ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತದ್ದು 1991ರಲ್ಲಿ. ಇಷ್ಟು ವರ್ಷಗಳ ಮೇಲೂ ಅದನ್ನು ಬಳಸದಿದ್ದರೆ ತಪ್ಪು ಯಂತ್ರದ್ದಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೇಜಿನ ಪರದೆಯನ್ನು ಕುಗ್ಗಿಸಿ ಅಂಗೈಗೆ ಇಳಿಸಿದರೆ ಕೆಲಸ ಮುಗಿಯಲಿಲ್ಲ. ಪ್ರವೇಶಕ್ಕೆ ಮಿಂಚಂಚೆಯ ವಿಳಾಸ ಕೇಳದೆ ಮೊಬೈಲ್ ಸಂಖ್ಯೆಯೇ ಸಾಕಾಗಬೇಕು. ಸಂಪರ್ಕವಿಲ್ಲದಾಗ ಬರೆದದ್ದು ಒಳಗೇ ಉಳಿದು, ಸಂಪರ್ಕ ಬಂದೊಡನೆ ತಾನೇ ಹೋಗಬೇಕು. ಕೈಗಳೆರಡೂ ಕೆಲಸದಲ್ಲಿರುವವನಿಗೆ ಬಾಯಿಮಾತಿನಿಂದ ವರದಿ ಕೊಡುವ ಅನುಕೂಲವಿರಬೇಕು. ಆ ಧ್ವನಿಯೂ ಚಿತ್ರವೂ ಆಯಾ ಬೇಡಿಕೆಯ ಸಂಖ್ಯೆಯ ಕೆಳಗೇ ಕೂಡಬೇಕು. ಕಡಿಮೆ ಬೆಲೆಯ ಮೊಬೈಲಿನಲ್ಲಿಯೂ ಅದು ಸರಾಗವಾಗಿ ನಡೆಯಬೇಕು. ರಾತ್ರಿಯ ಹೊತ್ತು ಅದು ಸುಮ್ಮನಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಸಾವಕಾರನು ಕಾಣುವ ಲೆಕ್ಕವನ್ನೇ ನೇಕಾರನೂ ಕನ್ನಡದಲ್ಲಿ ಕಾಣಬೇಕು. ಯಾರಾದರೂ ತಿದ್ದಿದರೆ ಹಳೆಯ ಅಂಕಿಯೂ ತಿದ್ದಿದವನ ಹೆಸರೂ ಅಲ್ಲಿಯೇ ಉಳಿಯಬೇಕು.

ವ್ಯಾಪಾರದ ಗುಟ್ಟು ಬಯಲಾಗುವದೆಂದು ಕೆಲವರು ಅಂಜಿಯಾರು. ಒಬ್ಬನ ಲೆಕ್ಕ ಇನ್ನೊಬ್ಬನಿಗೆ ಕಾಣಬೇಕೆಂದು ನಾವು ಹೇಳುತ್ತಿಲ್ಲ. ತನ್ನ ಲೆಕ್ಕ ತನಗೆ ಕಂಡರೆ ಸಾಕು. ಇದರಿಂದ ಸಾವಕಾರನಿಗೂ ಹಾನಿಯಿಲ್ಲ. ತಪ್ಪು ಬಣ್ಣದ ಹಾಸು ಒಂದು ಉಳಿದರೂ ಅವನ ನೂಲೇ ಉಳಿಯಿತು. ಹೇಳಿದ ದಿನಕ್ಕೆ ಸೀರೆ ಸಿದ್ಧವಾದರೆ ಅವನ ಮಾತೇ ಉಳಿಯಿತು.

ಇದನ್ನು ಮಾಡಲು ಪರದೇಶದವರೇ ಬರಬೇಕೆಂದಿಲ್ಲ. ಜೋಹೋ ಸಂಸ್ಥೆಯು 2011ರಿಂದ ತಮಿಳುನಾಡಿನ ತೆಂಕಾಸಿಯಂಥ ಸಣ್ಣ ಊರಿನ ಬಳಿ ಕಚೇರಿ ತೆರೆದು ಜಗತ್ತಿಗೆಲ್ಲ ತಂತ್ರಾಂಶ ಒದಗಿಸುತ್ತಿದೆ. ನಮ್ಮಲ್ಲಿ ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಿಂದ ನಡೆದುಬಂದಿದೆ. ಅಲ್ಲಿಯ ವಿದ್ಯಾರ್ಥಿಗಳು ತಂತ್ರಾಂಶ ಬರೆಯುವ ಮೊದಲು ಒಂದು ವಾರ ಇಲಕಲ್ಲದ ಮಗ್ಗದ ಪಕ್ಕದಲ್ಲಿ ಕುಳಿತು, ಕೆಲಸ ಹೇಗೆ ಬರುತ್ತದೆ, ಎಲ್ಲಿ ತಡೆಯುತ್ತದೆ, ಕೂಲಿ ಹೇಗೆ ಲೆಕ್ಕವಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಲಿ. ಸಾವಕಾರರಲ್ಲಿ ಧೈರ್ಯವಂತನೊಬ್ಬನು ತನ್ನ ಹತ್ತು ಮಗ್ಗಗಳನ್ನು ಈ ಪ್ರಯೋಗಕ್ಕೆ ತೆರೆದಿಡಲಿ. ತನ್ನ ದುಡಿತದ ಲೆಕ್ಕವನ್ನು ದುಡಿದವನು ತನ್ನ ಅಂಗೈಯಲ್ಲಿಯೇ ಓದಿಕೊಳ್ಳುವ ದಿನ ಬಂದರೆ, ಈ ಹೊಸ ವಿದ್ಯೆಯು ನಮ್ಮ ಸೀಮೆಗೆ ಬಂದದ್ದು ಸಾರ್ಥಕವಾದೀತು.